ಫಾರ್ಮ್ಯಾಟ್ ಹೊಡೆದರೂ ಹೋಗದ್ದು

ಹೋದ ವರ್ಷ ಶ್ರಾವಣದಲ್ಲಿ ಹಿರಿಯರೊಬ್ಬರು ಬಾದಾಮಿಯ ನನ್ನ ರಿಪೇರಿ ಅಂಗಡಿಗೆ ಬಂದರು. ಶಿವಯೋಗ ಮಂದಿರದ ಕಡೆಯ ಹಳ್ಳಿಯವರು, ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ಹಣೆಗೆ ಮೂರು ಬೆರಳಿನ ವಿಭೂತಿ, ಕಂಕುಳಲ್ಲಿ ಕೈಚೀಲ, ಚೀಲದೊಳಗೆ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಲ್ಯಾಪ್‌ಟಾಪ್. ಮನೆಯಲ್ಲಿದ್ದ ಅಜ್ಜನ ಕಾಲದ ಕೈಬರಹದ ಹಾಡುಗಳನ್ನು ಅದರಲ್ಲಿ ಟೈಪ್ ಮಾಡಿ ಇಡುತ್ತಿದ್ದರು. ಅರ್ಧ ಕೆಲಸ ಆಗಿತ್ತು.

"ತಮ್ಮಾ, ಇದಕ್ಕ ಮೂರು ಸಲ ಫಾರ್ಮ್ಯಾಟ್ ಹೊಡಿಸೀನಿ. ನೆಟ್ ಹಚ್ಚಿದ ಮರುದಿನಾನ ಮತ್ತ ಅದೇ ಮೆಸೇಜು ಬರತೈತಿ. ಒಳಗ ಏನ್ ಕುಂತೈತೋ ನೋಡು."

"ಎಲ್ಲಿ ತಗೊಂಡ್ರಿ ಮಾಸ್ತರ?"

"ಮಗ ಬೆಂಗಳೂರಾಗ ಕೊಡಿಸ್ಯಾನ. ಯಾವದೋ ಕಂಪನಿಯವರು ಬಳಸಿ ಮಾರಿದ್ದಂತ. ನೋಡಾಕ ಹೊಸದರಂಗ ಐತಿ."

ಫಾರ್ಮ್ಯಾಟ್ ಎಂಬುದು ನಮ್ಮ ದಂಧೆಯಲ್ಲಿ ಎಲ್ಲ ರೋಗಕ್ಕೂ ಕೊಡುವ ಒಂದೇ ಗುಳಿಗೆ. ವೈರಸ್ ಬಂತೇ, ಫಾರ್ಮ್ಯಾಟ್ ಹೊಡಿ. ನಿಧಾನವಾಯಿತೇ, ಫಾರ್ಮ್ಯಾಟ್ ಹೊಡಿ. ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಬಿಟ್ಟರೆ ಯಂತ್ರ ಹುಟ್ಟಿದ ದಿನದಂತೆ ಆಗುತ್ತದೆ ಎಂದು ಗಿರಾಕಿಗಳು ನಂಬಿದ್ದಾರೆ. ನಂಬಿಸಿದವರು ನಾವೇ.

ನಾನು ಡಿಸ್ಕನ್ನೇ ಬಿಚ್ಚಿ ಬದಿಗಿಟ್ಟೆ. ಪ್ಯಾಕೆಟ್ ಒಡೆಯದ ಹೊಸ ಎಸ್‌ಎಸ್‌ಡಿ ಕೂರಿಸಿ, ನನ್ನ ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿದೆ. ವೈಫೈ ಕೊಡಲಿಲ್ಲ, ಕೇಬಲ್ ಚುಚ್ಚಲಿಲ್ಲ. ಡೆಸ್ಕ್‌ಟಾಪ್ ಬಂದ ಕೂಡಲೇ ಸಿಸ್ಟಂ32 ಫೋಲ್ಡರ್ ತೆರೆದು ಫೈಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಎಲ್ಲಕ್ಕೂ ಮೇಲೆ ಒಂದು ಸಣ್ಣ ಫೈಲು. ಗೋಡೆಯ ಗಡಿಯಾರದಲ್ಲಿ 11:40, ಫೈಲು ಹುಟ್ಟಿದ ಹೊತ್ತು 11:38. ನಾನು ಹಾಕಿದ್ದಲ್ಲ, ವಿಂಡೋಸಿನದೂ ಅಲ್ಲ. ಡಿಸ್ಕು ಹೊಸದು, ನೆಟ್ ಇಲ್ಲ. ಅದು ಬಂದದ್ದು ಮದರ್‌ಬೋರ್ಡಿನ ಮೇಲಿನ ಒಂದು ಐಸಿಯಿಂದ.

ಕಿರುಬೆರಳಿನ ಉಗುರಿನಷ್ಟು ದೊಡ್ಡ ಐಸಿ. ಎಂಟು ಕಾಲು, ಒಂದು ಮೂಲೆಯಲ್ಲಿ ಚುಕ್ಕೆ. ಚುಕ್ಕೆಯ ಪಕ್ಕದ್ದು ಒಂದನೇ ಕಾಲು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 16 ಅಥವಾ 32 ಎಂಬಿ ಹಿಡಿಯುತ್ತದೆ, ಅಂದರೆ ಮೊಬೈಲಿನ ನಾಲ್ಕೈದು ಫೋಟೊಗಳಷ್ಟು. ನೀವು ಪವರ್ ಬಟನ್ ಒತ್ತಿದಾಗ ವಿಂಡೋಸ್ ಇನ್ನೂ ನಿದ್ದೆಯಲ್ಲಿರುತ್ತದೆ. ಪ್ರೊಸೆಸರಿಗೆ ಮೆಮೊರಿ ಎಲ್ಲಿದೆ, ಡಿಸ್ಕ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಅದು ಮೊದಲು ಈ ಐಸಿಯಲ್ಲಿ ಬರೆದದ್ದನ್ನು ಓದಿ, ಅದು ಹೇಳಿದಂತೆ ಒಂದೊಂದೇ ಅಂಗವನ್ನು ಎಬ್ಬಿಸಿ, ಕೊನೆಗೆ ವಿಂಡೋಸಿನ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಐಸಿಯೊಳಗಿನ ಆ ಬರಹವೇ ಫರ್ಮ್‌ವೇರ್. ರಿಪೇರಿಯವರು ಇಂದಿಗೂ ಬಯೋಸ್ ಎನ್ನುತ್ತೇವೆ. 1975ರಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದ ತಂತ್ರಜ್ಞ ಇಟ್ಟ ಹೆಸರು ಅದು. ಈಗಿನ ಯಂತ್ರಗಳಲ್ಲಿರುವುದು ಯುಇಎಫ್‌ಐ ಎಂಬ ಹೊಸ ಪೀಳಿಗೆ.

ಡಿಸ್ಕ್ ಬೇರೆ, ಈ ಐಸಿ ಬೇರೆ. ಫಾರ್ಮ್ಯಾಟ್ ಹೊಡೆದಾಗ ಅಳಿಯುವುದು ಡಿಸ್ಕಿನಲ್ಲಿದ್ದದ್ದು ಮಾತ್ರ. ಮದರ್‌ಬೋರ್ಡಿನ ಬಿಲ್ಲೆ ಸೆಲ್ ತೆಗೆದು ಹಾಕಿದರೆ ಬಯೋಸ್ ಹೊಸದಾಗುತ್ತದೆ ಎಂದು ನಮ್ಮ ಕೆಲವು ಮೆಕ್ಯಾನಿಕರೇ ಹೇಳುತ್ತಾರೆ. ಅದು ತಪ್ಪು. ಸೆಲ್ ತೆಗೆದರೆ ಗಡಿಯಾರ ಮತ್ತು ಕೆಲವು ಸೆಟ್ಟಿಂಗುಗಳು ಮೂಲ ಸ್ಥಿತಿಗೆ ಬರುತ್ತವೆ, ಐಸಿಯೊಳಗಿನ ಬರಹ ಇದ್ದಂತೆಯೇ ಇರುತ್ತದೆ.

ಮಾಸ್ತರರ ಲ್ಯಾಪ್‌ಟಾಪಿನಲ್ಲಿದ್ದದ್ದು ವೈರಸ್ ಅಲ್ಲ. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪ್ ಕಳುವಾದರೆ ಪತ್ತೆ ಹಚ್ಚಲು ಫರ್ಮ್‌ವೇರಿನಲ್ಲೇ ಒಂದು ಕಾವಲನ್ನು ಚಾಲೂ ಮಾಡಿಸುತ್ತವೆ. ಕಳ್ಳ ಡಿಸ್ಕ್ ಬದಲಿಸಿದರೂ ಅದು ಹೊಸ ವಿಂಡೋಸಿನೊಳಗೆ ತನ್ನ ಫೈಲನ್ನು ಮತ್ತೆ ಇಳಿಸುತ್ತದೆ. ಮಾಸ್ತರರಿಗೆ ಬರುತ್ತಿದ್ದ ಮೆಸೇಜೂ ಅದರದೇ. ಹಳೆಯ ಒಡೆಯರು ಯಂತ್ರ ಮಾರುವಾಗ ಅದನ್ನು ಬಿಡಿಸಿರಲಿಲ್ಲ. ಮಾರಿದವರ ಮೂಲಕ ಆ ಕಂಪನಿಗೆ ಪತ್ರ ಬರೆಸಿ ಬಿಡಿಸಲು ಐದು ವಾರ ಹಿಡಿಯಿತು. ಅಷ್ಟು ದಿನವೂ ಮಾಸ್ತರರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಕೇಳಿ ಹೋದರು.

ಒಳ್ಳೆಯ ಉದ್ದೇಶದ ಈ ಉಪಾಯವೇ ಕೆಟ್ಟವರ ಕೈಗೂ ಸಿಕ್ಕಿದೆ. ಇದೇ ಬಗೆಯ, ಲೋಜ್ಯಾಕ್ ಎಂಬ ಕಳ್ಳತನ ತಡೆಯ ತಂತ್ರಾಂಶವನ್ನು ತಿರುಚಿ ಒಂದು ಗೂಢಚಾರ ತಂಡ ಬಳಸುತ್ತಿತ್ತು. ಅದೇ ತಂಡ ಅದನ್ನು ಕಂಪ್ಯೂಟರಿನ ಐಸಿಯೊಳಗೇ ಬರೆದಿರುವುದನ್ನು 2018ರಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಪತ್ತೆ ಹಚ್ಚಿತು. ಹೆಸರು ಲೋಜ್ಯಾಕ್ಸ್. ನಿಜವಾದ ದಾಳಿಯಲ್ಲಿ ಯುಇಎಫ್‌ಐ ಫರ್ಮ್‌ವೇರಿನೊಳಗೆ ಕೂತು ಸಿಕ್ಕಿಬಿದ್ದ ಮೊದಲ ಕಳ್ಳ ಅದು ಎಂದು ಇಸೆಟ್ ಆಗ ಹೇಳಿತು. ಡಿಸ್ಕ್ ಬದಲಿಸಿದರೂ ಜಗ್ಗುತ್ತಿರಲಿಲ್ಲ.

ಐಸಿಯನ್ನು ಮುಟ್ಟುವ ವೈರಸ್ ಎಂಬುದು ಇವತ್ತಿನ ಸುದ್ದಿಯೂ ಅಲ್ಲ. ಮೊದಮೊದಲಿನ ಕಂಪ್ಯೂಟರುಗಳಲ್ಲಿ ಈ ಬರಹವನ್ನು ತಿದ್ದಲು ಬರುತ್ತಿರಲಿಲ್ಲ. 1990ರ ದಶಕದಲ್ಲಿ ಅಳಿಸಿ ಬರೆಯಬಹುದಾದ ಐಸಿಗಳು ಬಂದವು. ಅನುಕೂಲದ ಬೆನ್ನಿಗೇ ಅಪಾಯವೂ ಬಂತು. ತೈವಾನಿನ ವಿದ್ಯಾರ್ಥಿಯೊಬ್ಬ 1998ರಲ್ಲಿ ಬರೆದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಒಮ್ಮೆಲೇ ಎದ್ದಿತು. ಡಿಸ್ಕ್ ಕೆಡಿಸಿತಲ್ಲದೆ, ಎಷ್ಟೋ ಯಂತ್ರಗಳ ಬಯೋಸ್ ಐಸಿಯ ಮೇಲೂ ಕಸ ಬರೆಯಿತು. ಐಸಿಗೆ ಹೊಸದಾಗಿ ಬರೆಯದೆ, ಇಲ್ಲವೇ ಅದನ್ನು ಬದಲಿಸದೆ ಆ ಯಂತ್ರಗಳು ಮತ್ತೆ ಚಾಲೂ ಆಗಲಿಲ್ಲ. ಆಗಿನ ವೈರಸ್ಸಿಗೆ ಕೆಡಿಸುವುದು ಬೇಕಾಗಿತ್ತು, ಕೆಟ್ಟದ್ದು ತಕ್ಷಣ ಕಾಣುತ್ತಿತ್ತು. ಈಗಿನದಕ್ಕೆ ಸುಮ್ಮನೆ ಕೂತಿರುವುದು ಬೇಕು.

ಇದೆಲ್ಲ ದೊಡ್ಡವರ ಜಗಳ, ನಮ್ಮಂಥವರಿಗೆ ಏನು ಎಂದು ಕೇಳುವವರಿದ್ದಾರೆ. ಮಾತು ಬಹುಪಾಲು ನಿಜ. ಫರ್ಮ್‌ವೇರ್ ದಾಳಿ ಕಷ್ಟದ ಕೆಲಸ, ಖರ್ಚಿನ ಕೆಲಸ. ಮನೆ ಕಂಪ್ಯೂಟರಿಗೆ ಬರುವ ಮೋಸಗಳಲ್ಲಿ ಬಹಳಷ್ಟು ಫೋನಿನಲ್ಲಿ ಓಟಿಪಿ ಕೇಳುವಂಥವು. ಹೆದರಿಸಿ ದುಡ್ಡು ಕೀಳುವ ಅಂಗಡಿಯವರ ಮಾತು ಕೇಳಬೇಡಿ. ಆದರೂ ಎರಡು ಸಂಗತಿ ನನ್ನ ನಿದ್ದೆ ಕೆಡಿಸಿವೆ. ಬ್ಲ್ಯಾಕ್‌ಲೋಟಸ್ ಎಂಬ ಹತಾರ ವಿಂಡೋಸ್ ಎದ್ದೇಳುವ ಮೊದಲೇ ಒಳಹೊಕ್ಕು ಅದರ ಕಾವಲನ್ನು ಆರಿಸುತ್ತದೆ. ಅದನ್ನು 2022ರಿಂದಲೇ ಕಳ್ಳಸಂತೆಯಲ್ಲಿ 5,000 ಡಾಲರಿಗೆ ಮಾರುತ್ತಿದ್ದರು. ಅಂದರೆ ಇಂಥ ಹತಾರ ಈಗ ಸರ್ಕಾರಗಳ ಗುಟ್ಟಾಗಿ ಉಳಿದಿಲ್ಲ. ಇನ್ನೊಂದು, 2022ರ ಜುಲೈಯಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಬಯಲಿಗೆಳೆದ ಕಾಸ್ಮಿಕ್‌ಸ್ಟ್ರ್ಯಾಂಡ್. ಅದು ಸಿಕ್ಕಿದ್ದು ಚೀನಾ, ವಿಯೆಟ್ನಾಂ, ಇರಾನ್, ರಷ್ಯಾಗಳ ಸಾಮಾನ್ಯ ಜನರ ಕಂಪ್ಯೂಟರುಗಳಲ್ಲಿ. ಕೂತಿದ್ದ ಬೋರ್ಡುಗಳು ಎಚ್81 ಚಿಪ್‌ಸೆಟ್ಟಿನವು. ಆ ಚಿಪ್‌ಸೆಟ್ಟಿನ ಬೋರ್ಡುಗಳು ನಮ್ಮ ಭಾಗದ ಡಿಟಿಪಿ ಅಂಗಡಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಹೇಗೆ ಒಳಸೇರಿತೆಂದು ಕ್ಯಾಸ್ಪರ್‌ಸ್ಕಿಗೆ ಗೊತ್ತಾಗಲಿಲ್ಲ. ಅದರ ಹಳೆಯ ರೂಪವನ್ನು 2017ರಲ್ಲೇ ಕಂಡಿದ್ದ ಚೀನಾದ ಕಿಹೂ 360 ಸಂಸ್ಥೆ ಮಾತ್ರ ಒಂದು ಅನುಮಾನ ಹೇಳಿತ್ತು: ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಕೊಂಡಾಗ ಬಂದಿರಬಹುದು. ಖಚಿತವಾಗದ ಅನುಮಾನ. ಆದರೆ ನಮ್ಮ ಊರುಗಳ ಕಂಪ್ಯೂಟರ್ ನಡೆದಿರುವುದೇ ಸೆಕೆಂಡ್ ಹ್ಯಾಂಡ್ ಮೇಲೆ.

ಮಾಸ್ತರರ ಲ್ಯಾಪ್‌ಟಾಪ್ ರಿಪೇರಿಯಲ್ಲಿದ್ದಾಗ ಒಂದು ಅಮಾವಾಸ್ಯೆಗೆ ಅವರ ಜೊತೆ ಶಿವಯೋಗ ಮಂದಿರಕ್ಕೆ ಹೋಗಿದ್ದೆ. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆಯ ದಂಡೆಯ ಮೇಲೆ ಕಟ್ಟಿದ ಸಂಸ್ಥೆ. ಮುಂದೆ ಮಠಗಳಿಗೆ ಸ್ವಾಮಿಗಳಾಗುವ ವಟುಗಳು ಇಲ್ಲಿ ಓದುತ್ತಾರೆ, ಇಲ್ಲಿಯ ವಿಭೂತಿ ನಾಡಿನ ಮೂಲೆಮೂಲೆಗೆ ಹೋಗುತ್ತದೆ, ತಾಳೆಗರಿಗಳ ಭಂಡಾರವೂ ಇದೆ. ಹೊಳೆಯ ಕಡೆ ಮುಖ ಮಾಡಿ ಕೂತಾಗ ಮಾಸ್ತರರು ಪ್ರತಿ ಎತ್ತುವವರ ಕಥೆ ಹೇಳಿದರು. ಒಂದು ಓಲೆಯಲ್ಲಿ ಲಿಪಿಕಾರ ಒಂದಕ್ಷರ ತಪ್ಪಿದರೆ, ಅದನ್ನು ನೋಡಿ ಬರೆದ ಹತ್ತು ಪ್ರತಿಯಲ್ಲೂ ಅದೇ ತಪ್ಪು. ಹತ್ತು ಊರಿನ ಹತ್ತು ಪ್ರತಿ ಒಂದೇ ಮಾತು ಹೇಳುತ್ತವೆಂದು ಅದನ್ನೇ ನಿಜವೆಂದು ಹಿಡಿಯಬಾರದು, ಮೂಲ ಯಾವುದೆಂದು ಹುಡುಕಬೇಕು ಎಂದರು.

ಫರ್ಮ್‌ವೇರಿನ ಕಥೆಯೂ ಇದೇ. ಅಂಗಡಿಯಲ್ಲಿ ನಿಮಗೆ ಹತ್ತು ಬ್ರ್ಯಾಂಡ್ ಕಾಣುತ್ತವೆ, ಒಳಗಿನ ಮೂಲ ಬರಹ ಹೆಚ್ಚಾಗಿ ಎಎಂಐ, ಇನ್‌ಸೈಡ್, ಫೀನಿಕ್ಸ್ ಎಂಬ ಮೂರು ಕಂಪನಿಗಳದು. ಎಎಂಐ ಕಟ್ಟಿದವರಲ್ಲಿ ಭಾರತದಿಂದ ಹೋದ ಎಸ್. ಶಂಕರ್ ಒಬ್ಬರು, 1985ರಲ್ಲಿ. ಚೆನ್ನೈಯಲ್ಲೂ ಅದರ ಕೆಲಸ ನಡೆಯುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ಬರುವ ಪ್ರತಿಯೊಂದು ತುಣುಕಿನ ಮೇಲೂ ನಂಬಿಕೆಯ ಮುದ್ರೆ ಇದೆಯೇ ಎಂದು ನೋಡುವ ಪದ್ಧತಿಗೆ ಸೆಕ್ಯೂರ್ ಬೂಟ್ ಎನ್ನುತ್ತಾರೆ. ಮುದ್ರೆ ಒತ್ತುವ ಮೂಲ ಕೀಲಿಯನ್ನು ಪ್ರತಿ ತಯಾರಕರೂ ತಾವೇ ಮಾಡಿಕೊಳ್ಳಬೇಕು. ಪರೀಕ್ಷೆಗೆಂದು ಎಎಂಐ ಒಂದು ನಮೂನೆ ಕೀಲಿ ಕೊಟ್ಟಿತ್ತು, ಅದರ ಮೇಲೆಯೇ ಇಂಗ್ಲಿಷಿನಲ್ಲಿ "ನಂಬಬೇಡಿ" ಎಂದು ಬರೆದಿತ್ತು. ನಂಬಬೇಡಿ ಎಂದು ಬರೆದ ಕೀಲಿಯನ್ನೇ ಹಲವು ಹೆಸರಾಂತ ತಯಾರಕರು ನೂರಾರು ಮಾದರಿಗಳಲ್ಲಿ ಹಾಗೆಯೇ ಇಟ್ಟು ಮಾರಿಬಿಟ್ಟಿದ್ದರು. ಒಂದು ಕೀಲಿಯ ಗುಟ್ಟಿನ ಭಾಗ ಇಂಟರ್ನೆಟ್ಟಿನಲ್ಲಿ ಸೋರಿಯೂ ಹೋಗಿತ್ತು. 2024ರ ಜುಲೈಯಲ್ಲಿ ಬೈನಾರ್ಲಿ ಎಂಬ ಸಂಸ್ಥೆ ಇದನ್ನು ಪಿಕೆಫೇಲ್ ಎಂಬ ಹೆಸರಿನಲ್ಲಿ ಹೊರಗೆಡಹಿತು. ಅದಕ್ಕೂ ಏಳು ತಿಂಗಳ ಹಿಂದೆ ಅದೇ ಸಂಸ್ಥೆ ಕಂಡದ್ದು ಲೋಗೋಫೇಲ್: ಚಾಲೂ ಆಗುವಾಗ ಪರದೆಯ ಮೇಲೆ ಮೂಡುವ ಕಂಪನಿಯ ಚಿತ್ರವಿದೆಯಲ್ಲ, ಆ ಚಿತ್ರವನ್ನು ಓದುವ ಭಾಗದಲ್ಲೇ ದೋಷ. ಬೇಕೆಂದೇ ಕೆಡಿಸಿದ ಚಿತ್ರವನ್ನು ಅಲ್ಲಿಟ್ಟರೆ ಅದೇ ಬಾಗಿಲಾಗುತ್ತದೆ. ಮೂರೂ ಕಂಪನಿಗಳ ಬರಹದಲ್ಲಿ ಈ ಬಗೆಯ ದೋಷ ಇತ್ತು. ತಿದ್ದಿದ ಫರ್ಮ್‌ವೇರುಗಳನ್ನು ತಯಾರಕರು ಬಿಟ್ಟಿದ್ದಾರೆ. ಆದರೆ ಅವು ತಾವಾಗಿಯೇ ಬಂದು ನಮ್ಮ ಐಸಿಯಲ್ಲಿ ಕೂರುವುದು ಕೆಲವು ಯಂತ್ರಗಳಲ್ಲಿ ಮಾತ್ರ.

ಇನ್ನು ನನ್ನ ತಪ್ಪಿನ ಮಾತು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದದ್ದನ್ನು ನೀವು ಪೇಪರಿನಲ್ಲಿ ನೋಡಿರುತ್ತೀರಿ. ದಂಡೆಯ ಊರುಗಳಲ್ಲಿ ಮನೆ ಮನೆಗೆ ಕೆಸರು ಹೊಕ್ಕಿತ್ತು. ನೀರಿಳಿದ ಮೇಲೆ ನನ್ನ ಅಂಗಡಿಗೆ ಕಂಪ್ಯೂಟರುಗಳು ಬರತೊಡಗಿದವು. ಬಿಚ್ಚಿ, ಸ್ಪಿರಿಟ್ಟಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬಿಸಿಗಾಳಿಗೆ ಒಣಗಿಸಿ ಎಷ್ಟನ್ನೋ ಎಬ್ಬಿಸಿದೆ. ಕೆಲವು ಮಾತ್ರ ಏಳಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಆ ಎಂಟು ಕಾಲಿನ ಐಸಿಯ ಕಾಲುಗಳಿಗೆ ಹಸಿರು ಕಿಲುಬು ಹತ್ತಿತ್ತು. ಆಗಲೇ ನಾನು ಕೆಲವು ನೂರು ರೂಪಾಯಿಯ ಸಿಎಚ್341ಎ ಪ್ರೋಗ್ರಾಮರ್ ತರಿಸಿಕೊಂಡೆ. ಅಂಗೈಯಲ್ಲಿ ಅಡಗುವ ಬೋರ್ಡು, ತುದಿಗೆ ಬಟ್ಟೆ ಒಣಹಾಕುವ ಚಿಮಟಿಗೆಯಂಥ ಕ್ಲಿಪ್ಪು. ಕ್ಲಿಪ್ಪನ್ನು ಐಸಿಯ ಮೇಲೆ ಕಚ್ಚಿಸಿದರೆ ಒಳಗಿನದನ್ನು ಓದಬಹುದು, ಅಳಿಸಬಹುದು, ಬೇರೆಯದನ್ನು ಬರೆಯಬಹುದು. ದೇಶದ ಯಾವ ರಿಪೇರಿ ಅಂಗಡಿಗೆ ಹೋದರೂ "ಬಯೋಸ್ ಹೊಡೀಬೇಕು" ಎಂದರೆ ಇದೇ ಕೆಲಸ.

ಬರೆಯಲು ಬಿನ್ ಫೈಲ್, ಅಂದರೆ ಐಸಿಯೊಳಗಿನ ಬರಹದ ಪ್ರತಿ, ಬೇಕು. ಮೆಕ್ಯಾನಿಕರ ಒಂದು ಮೊಬೈಲ್ ಗ್ರೂಪಿನಲ್ಲಿ ಬೋರ್ಡ್ ನಂಬರ್ ಹಾಕಿ ಕೇಳಿದರೆ ಹತ್ತು ನಿಮಿಷದಲ್ಲಿ ಯಾರೋ ಕಳಿಸುತ್ತಿದ್ದರು. ಯಾರು ಕಳಿಸಿದರು, ಅವರಿಗೆ ಎಲ್ಲಿಂದ ಬಂತು, ನಾನು ಕೇಳಲಿಲ್ಲ. ಯಂತ್ರ ಚಾಲೂ ಆಯಿತು, ಗಿರಾಕಿಯ ಮುಖ ಅರಳಿತು, ನನಗೆ ಅಷ್ಟೇ ಸಾಕಾಗಿತ್ತು.

ಮೂರು ವರ್ಷ ಕಳೆದು ಗುಳೇದಗುಡ್ಡದ ಖಣ ವ್ಯಾಪಾರಿಯೊಬ್ಬರು ಅಂಥ ಒಂದು ಲ್ಯಾಪ್‌ಟಾಪನ್ನು ಕೀಬೋರ್ಡಿಗಾಗಿ ತಂದರು. ಅಷ್ಟರಲ್ಲಿ ನಾನು ಈ ವಿಷಯ ಓದಿಕೊಂಡಿದ್ದೆ. ಅನುಮಾನ ಬಂದು ಐಸಿಯನ್ನು ಓದಿ ತಯಾರಕರ ಫೈಲಿನ ಜೊತೆ ಹೋಲಿಸಿದೆ. ನಾನು ಬರೆದಿದ್ದದ್ದು ಬಹಳ ಹಳೆಯ ಆವೃತ್ತಿ. ಅದರ ನಂತರ ತಯಾರಕರು ಹಲವು ಸಲ ಭದ್ರತಾ ದೋಷ ತಿದ್ದಿ ಬಿಟ್ಟಿದ್ದರು. ಒಳಗಿದ್ದ ಸೀರಿಯಲ್ ನಂಬರು ಬೇರೆ ಯಾರದೋ ಯಂತ್ರದ್ದು. ಒಂದೆರಡು ಕಡೆ ಬರಹ ಮೂಲಕ್ಕೆ ಹೊಂದುತ್ತಿರಲಿಲ್ಲ. ಪಾಸ್‌ವರ್ಡ್ ಮುರಿಯಲು ಯಾರೋ ತಿದ್ದಿದ್ದೋ, ಬೇರೇನಾದರೂ ಮಾಡಲು ತಿದ್ದಿದ್ದೋ, ನನಗೆ ಹೇಳಲಾಗಲಿಲ್ಲ. ಆ ಮೂರು ವರ್ಷ ಅವರು ಅದರಲ್ಲೇ ಬ್ಯಾಂಕಿನ ವ್ಯವಹಾರ ಮಾಡಿದ್ದರು. ಏನೂ ಕಳುವಾಗಿರಲಿಲ್ಲ. ಆದರೂ ಅವರ ಮನೆಯ ಬೀಗ ತೆಗೆದು, ಬೀದಿಯಲ್ಲಿ ಸಿಕ್ಕ ಬೀಗವನ್ನು ಜಡಿದು ಕೊಟ್ಟಂತಾಗಿತ್ತು ನನ್ನ ಕೆಲಸ. ಅವರನ್ನು ಕೂರಿಸಿ ಎಲ್ಲ ಹೇಳಿದೆ. ಹೊಸ ಐಸಿ ಹಾಕಿ, ತಯಾರಕರ ಫೈಲನ್ನೇ ಬರೆದು, ಪಾಸ್‌ವರ್ಡುಗಳನ್ನೆಲ್ಲ ಬದಲಿ ಮಾಡಿಸಿದೆ. ಹೀಗೆ ಗ್ರೂಪಿನ ಫೈಲು ಬರೆಸಿಕೊಂಡಿದ್ದ ಉಳಿದ ನಾಲ್ವರ ಮನೆಗೆ ನಾನೇ ಹೋಗಿ ಬಂದೆ. ಇಬ್ಬರು ಆಗಲೇ ಗುಜರಿಗೆ ಹಾಕಿದ್ದರು.

ಅಂದಿನಿಂದ ನನ್ನ ಅಂಗಡಿಯಲ್ಲಿ ಐಸಿಗೆ ಕ್ಲಿಪ್ ಹಚ್ಚಿದರೆ ಮೊದಲು ಇದ್ದದ್ದನ್ನು ಎರಡು ಸಲ ಓದಿ, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡು ಗಿರಾಕಿಯ ಹೆಸರಿನಲ್ಲಿ ಇಡುತ್ತೇನೆ. ಬರೆಯುವುದು ತಯಾರಕರ ಜಾಲತಾಣದಿಂದ ತೆಗೆದ ಫೈಲನ್ನು ಮಾತ್ರ. ಯಾವ ಆವೃತ್ತಿ, ಯಾವ ತಾರೀಖಿನದು ಎಂಬುದು ಬಿಲ್ಲಿನ ಮೇಲೆ ಇರುತ್ತದೆ. ನಿಮ್ಮ ಊರಿನ ಮೆಕ್ಯಾನಿಕ್ "ಬಯೋಸ್ ಹೊಡೆದೆ" ಎಂದರೆ ಆ ಒಂದು ಸಾಲನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದವನ ಕೈಗೆ ಯಂತ್ರ ಕೊಡಬೇಡಿ.

ಮನೆಯಲ್ಲಿ ನೀವೇ ನೋಡಿಕೊಳ್ಳುವುದು ಕಷ್ಟವಲ್ಲ. ಕೀಬೋರ್ಡಿನ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಬಯೋಸ್ ಆವೃತ್ತಿ, ತಾರೀಖು ಒಂದು ಸಾಲಿನಲ್ಲಿ, ಸೆಕ್ಯೂರ್ ಬೂಟ್ ಇನ್ನೊಂದು ಸಾಲಿನಲ್ಲಿ. ಅಲ್ಲಿ "ಆಫ್" ಎಂದಿದ್ದರೆ ಕೊನೆಯ ಸಲ ರಿಪೇರಿ ಮಾಡಿದವನನ್ನು ಕೇಳಿ. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಲು ನಾವು ಅದನ್ನು ಆರಿಸುತ್ತೇವೆ, ಮತ್ತೆ ಹಚ್ಚುವುದನ್ನು ಮರೆಯುತ್ತೇವೆ. ಹಾಗೆ ಮರೆತ ಎಷ್ಟೋ ಯಂತ್ರಗಳು ನನ್ನ ಟೇಬಲ್ಲಿಗೆ ಬಂದಿವೆ. ತಾರೀಖು ಬಹಳ ಹಿಂದಿನದಾದರೆ ಯಂತ್ರದ ಕೆಳಗಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಹಿಡಿದು ತಯಾರಕರ ಜಾಲತಾಣದಲ್ಲಿ ಹೊಸದಿದೆಯೇ ನೋಡಿ. ಹಲವು ಲ್ಯಾಪ್‌ಟಾಪುಗಳಿಗೆ ಅದು ವಿಂಡೋಸ್ ಅಪ್‌ಡೇಟಿನ ಐಚ್ಛಿಕ ಪಟ್ಟಿಯಲ್ಲೂ ಬರುತ್ತದೆ. ಲಿನಕ್ಸ್ ಬಳಸುವವರಿಗೆ ಎಫ್‌ಡಬ್ಲ್ಯುಯುಪಿಡಿ ಎಂಬ ಸೌಲಭ್ಯ ಇದೆ. ಹುಡುಕಾಟದಲ್ಲಿ ಮೇಲೆ ಬರುವ "ಡ್ರೈವರ್ ಅಪ್‌ಡೇಟ್" ಜಾಹೀರಾತುಗಳನ್ನು ಮಾತ್ರ ಮುಟ್ಟಬೇಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಯಂತ್ರ ಸತ್ತಂತೆಯೇ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿಸಿ ಚಾರ್ಜರ್ ಹಚ್ಚಿ, ಡೆಸ್ಕ್‌ಟಾಪಾದರೆ ಯುಪಿಎಸ್ ಇಲ್ಲದೆ ಮಾಡಲೇಬೇಡಿ. ಪರದೆ ಕಪ್ಪಾಗುತ್ತದೆ, ಫ್ಯಾನು ಜೋರಾಗಿ ತಿರುಗುತ್ತದೆ, ಎರಡು ಮೂರು ಸಲ ತಾನೇ ಬಂದಾಗಿ ಚಾಲೂ ಆಗಬಹುದು. ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದವರ ಲ್ಯಾಪ್‌ಟಾಪೇ ನಮ್ಮಲ್ಲಿಗೆ ಬರುವುದು. ಚಹಾ ಕುಡಿದು ಬನ್ನಿ.

ಅದಕ್ಕೂ ಮೊದಲಿನ ಕೆಲಸ ಇನ್ನೊಂದಿದೆ. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದೆ, ಎಷ್ಟೋ ಸಲ ನಿಮಗೆ ತಿಳಿಯದೆಯೇ. ಫರ್ಮ್‌ವೇರ್ ಬದಲಾದದ್ದನ್ನು ಕಂಡು ಅದು 48 ಅಂಕಿಯ ಕೀಲಿ ಕೇಳಬಹುದು. ಕೀಲಿ ಇಲ್ಲದಿದ್ದರೆ ಮಗುವಿನ ಫೋಟೊ, ಹೊಲದ ಕಾಗದ ಯಾವುದೂ ಸಿಗುವುದಿಲ್ಲ, ನಮ್ಮಿಂದಲೂ ಆಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಇದೆಯೇ ಎಂದು ನೋಡಿ ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಅಪ್‌ಡೇಟ್ ಕೆಲಸವನ್ನು ತಡಮಾಡದಿರಲು ಕಾರಣವೂ ಇದೆ: ಸೆಕ್ಯೂರ್ ಬೂಟಿಗೆ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಮುದ್ರೆಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಬರುತ್ತದೆ. ಅಂದಿಗೆ ಯಂತ್ರವೇನೂ ನಿಲ್ಲುವುದಿಲ್ಲ. ಆದರೆ 2023ರ ಹೊಸ ಮುದ್ರೆ ಪಡೆಯದ ಯಂತ್ರಗಳಿಗೆ, ಚಾಲೂ ಆಗುವ ಹಂತದ ಮುಂದಿನ ಭದ್ರತಾ ತಿದ್ದುಪಡಿಗಳು ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲೇ ಬಯೋಸ್ ಪುಟ ತೆರೆಸಿ. ಎಫ್2, ಡಿಲೀಟ್, ಎಫ್10 ಇವುಗಳಲ್ಲಿ ಒಂದು ಕೀ ಸಾಮಾನ್ಯವಾಗಿ ತೆರೆಯುತ್ತದೆ. ಪಾಸ್‌ವರ್ಡ್ ಕೇಳಿದರೆ, ಅಥವಾ ಕಳ್ಳತನ ತಡೆ ಎಂಬಲ್ಲಿ "ಆ್ಯಕ್ಟಿವೇಟೆಡ್" ಎಂದಿದ್ದರೆ ಅದನ್ನು ಬಿಟ್ಟು ಬೇರೆ ತೋರಿಸಲು ಹೇಳಿ. ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಹಳೆಯ ಯಂತ್ರವನ್ನು ಟೈಪಿಂಗಿಗೆ, ಹಾಡು ಕೇಳಲು ಬಳಸಿ. ಬ್ಯಾಂಕು, ಆಧಾರ್ ಅದರಲ್ಲಿ ಬೇಡ.

ಮಾಸ್ತರರ ಲ್ಯಾಪ್‌ಟಾಪನ್ನು ಕಾವಲು ಬಿಡಿಸಿ, ಫರ್ಮ್‌ವೇರ್ ಹೊಸದು ಮಾಡಿ ಅವರ ಮನೆಗೇ ಒಯ್ದು ಕೊಟ್ಟೆ. ಮಾಸ್ತರರು ಕಟ್ಟೆಯ ಮೇಲೆ ಕೂತು ಅಜ್ಜನ ಹಾಡಿನ ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದರು. ಆರು ಆರು ಅಂಕಿಯ ಎಂಟು ಗುಂಪು. ನಾನು ಪರದೆ ನೋಡಿ ಓದುತ್ತ ಹೋದೆ, ಅವರು ಶಾಯಿಯ ಪೆನ್ನಿನಲ್ಲಿ ಕನ್ನಡ ಅಂಕಿಗಳಲ್ಲಿ ಬರೆಯುತ್ತ ಹೋದರು. ಬರೆದು ಮುಗಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಈಗ ನೀ ಇದರಾಗಿಂದ ಓದು, ನಾ ಅದರಾಗ ನೋಡತೀನಿ. ಒಮ್ಮೆ ತಾಳೆ ನೋಡೂಣು."